ಅರ್ಧ ಸುತ್ತಿನ ಗಾಳಿ

ಆ ಊರಿನ ಹೆಸರು ಹೇಳಿ ನನ್ನ ಬಾಯಿ ಕೆಡಿಸಿಕೊಳ್ಳುವುದಿಲ್ಲ. ಅಲ್ಲಿ ಎರಡು ಬೀದಿಗಳಿದ್ದವು, ಒಂದು ಏರು ಇತ್ತು, ಮನೆಮನೆಗೂ ಮೋಟಾರ್ ಸೈಕಲ್ ಇತ್ತು, ಮತ್ತು ಅಲ್ಲಿ ಗಾಳಿಗೆ ಅರಗಿನ ಮುದ್ರೆ ಬೀಳುತ್ತಿತ್ತು. ಇಷ್ಟು ತಿಳಿದರೆ ಉಳಿದದ್ದನ್ನು ನೀವೇ ಊಹಿಸಬಲ್ಲಿರಿ. ಆದರೂ ಹೇಳುತ್ತೇನೆ. ಹೇಳದಿದ್ದರೆ ನನ್ನ ಹೊಟ್ಟೆಯ ಉರಿ ಆರುವುದಿಲ್ಲ.

ಗಾಳಿಗೆ ಮುದ್ರೆ ಎಂದರೆ ಹೀಗೆ. ಮೋಟಾರ್ ಸೈಕಲ್ಲಿನ ಹೊಟ್ಟೆಗೆ ಬರೀ ಪೆಟ್ರೋಲ್ ಹೋದರೆ ಸಾಲದು. ಪೆಟ್ರೋಲಿನ ಜೊತೆ ಗಾಳಿ ಬೆರೆಯಬೇಕು, ಬೆರೆತದ್ದಕ್ಕೆ ಕಿಡಿ ತಾಗಬೇಕು, ಆಗ ಎಂಜಿನ್ನಿಗೆ ಜೀವ. ಆ ಬೆರೆಸುವ ಕೆಲಸ ಕಾರ್ಬೊರೇಟರಿನದು. ಅದರೊಳಗೆ ಎರಡು ದಾರಿಗಳಿವೆ. ದೊಡ್ಡ ದಾರಿ ಓಡುವಾಗಿನದು. ಎಕ್ಸಲೇಟರ್ ತಿರುವಿದಷ್ಟೂ ಅದು ಬಾಯಿ ಬಿಡುತ್ತದೆ. ಸಣ್ಣ ದಾರಿ ನಿಧಾನಕ್ಕೆ ಹೋಗುವಾಗಿನದು. ಸೂಜಿ ತೂರುವಷ್ಟೇ ತೂತು. ಆ ಸಣ್ಣ ದಾರಿಯ ಬಾಯಲ್ಲಿ ಒಂದು ಹಿತ್ತಾಳೆಯ ತಿರುಪು ಇರುತ್ತದೆ. ಒಳಕ್ಕೆ ತಿರುಗಿಸಿದರೆ ಗಾಳಿ ಕಡಿಮೆ, ಹೊರಕ್ಕೆ ತಿರುಗಿಸಿದರೆ ಗಾಳಿ ಜಾಸ್ತಿ. ಕಿರುಬೆರಳಿನ ಉಗುರಿನಷ್ಟು ದೊಡ್ಡದೂ ಅಲ್ಲದ ಆ ತಿರುಪಿನ ಮೇಲೆ ಆ ಊರಿಗೆ ಊರೇ ನಿಂತಿತ್ತು.

ವರ್ಷಕ್ಕೊಮ್ಮೆ ಎಲ್ಲರೂ ಏರು ಹತ್ತಬೇಕು. ಏರಿನ ತುದಿಯಲ್ಲಿ ಒಂದು ಕಲ್ಲಿನ ಕಟ್ಟೆ. ಕಾಲು ನೆಲಕ್ಕೆ ತಾಗಿಸದೆ, ಎಂಜಿನ್ ಆರಗೊಡದೆ ಕಟ್ಟೆ ಮುಟ್ಟಿದವರು ಆ ವರ್ಷ ತಾವು ಮಾಡುವ ಕೆಲಸ ಯಾವುದೆಂದು ತಾವೇ ಕೂಗಿ ಹೇಳಬಹುದು. ನಡುವೆ ನಿಂತುಹೋದವರು ಇಳಿದು ಬಂದು, ಕಟ್ಟೆ ಮುಟ್ಟಿದವರು ಹೇಳಿದ ಕೆಲಸ ಮಾಡಬೇಕು. ಏರನ್ನು ಜೋರಾಗಿ ಹತ್ತುವ ಹಾಗಿಲ್ಲ. ಮುಂದೆ ಅಳತೆಗಾರ ಬಾವುಟ ಹಿಡಿದು ನಡೆಯುತ್ತಾನೆ. ಅವನ ನಡಿಗೆಯೇ ಎಲ್ಲರ ವೇಗ. ಹಾಗಾಗಿ ದೊಡ್ಡ ದಾರಿಯಿಂದ ಅಲ್ಲಿ ಯಾರಿಗೂ ಉಪಯೋಗವಿಲ್ಲ. ಸಣ್ಣ ದಾರಿಯೇ ಗತಿ.

ಏರು ಹತ್ತುವ ಮುನ್ನ ತಿರುಪಿಗೆ ಅಳತೆ ಇಟ್ಟು ಮೇಲೆ ಅರಗು ಹಾಕುತ್ತಿದ್ದರು. ಮುಂದಿನ ವರ್ಷದ ಮುದ್ರೆಯವರೆಗೆ ಅದನ್ನು ಯಾರೂ ಒಡೆಯುವ ಹಾಗಿಲ್ಲ. ಎಷ್ಟೆಂಬುದು ಊರಿನ ನಿಯಮದ ಪುಸ್ತಕದಲ್ಲಿತ್ತು: ಮೇಲ್ಬೀದಿಗೆ ಮೂರು ಸುತ್ತು, ಕೆಳಬೀದಿಗೆ ಅರ್ಧ ಸುತ್ತು. ಯಾಕೆ ಎಂದು ಪುಸ್ತಕದಲ್ಲಿ ಇರಲಿಲ್ಲ. ಕೇಳಿದವರಿಗೆ ಮೊದಲಿಂದ ಹಾಗೇ ಎನ್ನುತ್ತಿದ್ದರು, ಎರಡನೇ ಸಲ ಕೇಳಿದವರಿಗೆ ಉತ್ತರ ಕೆನ್ನೆಯ ಮೇಲೆ ಬೀಳುತ್ತಿತ್ತು.

ಅರ್ಧ ಸುತ್ತಿನ ಗಾಳಿಯಲ್ಲಿ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ. ಉರಿಯದ್ದು ಮಸಿಯಾಗುತ್ತದೆ. ಕೆಳಬೀದಿಯ ಸೈಲೆನ್ಸರುಗಳೆಲ್ಲ ಕರಿ ಹೊಗೆ ಕಕ್ಕುತ್ತಿದ್ದವು. ಅಲ್ಲಿ ಒಣಹಾಕಿದ ಬಟ್ಟೆ ಕಪ್ಪು, ಮಕ್ಕಳ ಮೂಗು ಕಪ್ಪು, ಮುದ್ದೆಯ ಮೇಲೂ ಕಪ್ಪು ಪುಡಿ. ಕಿಡಿ ಹಾರಿಸುವ ಪ್ಲಗ್ ಬಿಚ್ಚಿದರೆ ಇದ್ದಲಿನ ತುಂಡು. ಏರಿನ ಮೂರನೇ ತಿರುವು ಬರುವಷ್ಟರಲ್ಲಿ ಆ ಗಾಡಿಗಳು ಗಂಟಲು ಕಟ್ಟಿ, ಕೆಮ್ಮಿ, ನಿಂತುಬಿಡುತ್ತಿದ್ದವು. ಆಗ ಮೇಲ್ಬೀದಿಯವರು ಹಿಂದಿರುಗಿ ನೋಡಿ, ಆ ಜನವೇ ಹಾಗೆ, ಅವರ ಗಾಡಿಯಲ್ಲೂ ಹೊಗೆ, ಅವರ ಮೈಯಲ್ಲೂ ಹೊಗೆ ಎಂದು ಮೂಗು ಮುಚ್ಚಿಕೊಳ್ಳುತ್ತಿದ್ದರು.

ಇನ್ನೂ ಒಂದು ಮಾತು ಕೇಳಿ, ನನ್ನ ರಕ್ತ ಕುದಿಯುವುದು ಇಲ್ಲಿಯೇ. ಪೆಟ್ರೋಲಿಗೆ ಆ ಊರಿನಲ್ಲಿ ಬರವಿರಲಿಲ್ಲ. ಮೇಲ್ಬೀದಿಯ ಯಜಮಾನ ತಾನೇ ಕೊಳಗ ಹಿಡಿದು ಕೆಳಬೀದಿಯ ಗಾಡಿಗಳಿಗೆ ಪೆಟ್ರೋಲ್ ಸುರಿಯುತ್ತಿದ್ದ, ಟ್ಯಾಂಕ್ ತುಂಬಿ ಹೊರಚೆಲ್ಲುವ ಹಾಗೆ. ನಮಗಿಂತ ನಿಮಗೇ ಒಂದು ಕೊಳಗ ಜಾಸ್ತಿ ಕೊಟ್ಟಿದ್ದೀನಿ, ಆದರೂ ಹತ್ತಲಾರಿರಿ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಗುತ್ತಿದ್ದ. ಕೆಳಬೀದಿಯವರೂ ಕೈಮುಗಿದು ನಗುತ್ತಿದ್ದರು. ತೂಕ ಮಾಡಿ ಕೊಡಬೇಕಾದದ್ದನ್ನು ಧಾರಾಳವಾಗಿ ಕೊಟ್ಟು, ಯಾರಪ್ಪನ ಆಸ್ತಿಯೂ ಅಲ್ಲದ ಗಾಳಿಗೆ ಬೀಗ ಜಡಿದಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ.

ಈ ತಿರುಪು ತಿರುಗಿಸಿ ಅರಗು ಹಾಕುವ ಕೆಲಸ ಒಬ್ಬ ಹೆಂಗಸಿನದು. ಅವಳನ್ನು ತಿರುಪಿನವಳು ಎನ್ನುತ್ತಿದ್ದರು. ಅವಳೂ ಕೆಳಬೀದಿಯವಳೇ. ಮೇಲ್ಬೀದಿಯವರು ಕೈಗೆ ಗ್ರೀಸ್ ಮೆತ್ತಿಕೊಳ್ಳುವವರಲ್ಲ, ಹಾಗಾಗಿ ಕೆಳಬೀದಿಯ ಕತ್ತು ಹಿಸುಕಲು ಕೆಳಬೀದಿಯ ಕೈಯನ್ನೇ ಆರಿಸಿದ್ದರು. ಅವಳ ಅವ್ವನೂ ತಿರುಪಿನವಳಾಗಿದ್ದಳು, ಅವ್ವನ ಅವ್ವನೂ ತಿರುಪಿನವಳು. ಇಪ್ಪತ್ತು ವರ್ಷದಿಂದ ಅವಳ ಬೆರಳ ತುದಿ ಅರಗಿನಿಂದ ಕೆಂಪಾಗಿತ್ತು, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ.

ಮುದ್ರೆಯ ದಿನ ಅವಳು ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತಿದ್ದಳು. ಗಾಡಿಯ ಪಕ್ಕ ಕೂರುತ್ತಿದ್ದಳು. ತಿರುಪುಳಿ ಇಟ್ಟು ತಿರುಪನ್ನು ತಳ ಮುಟ್ಟುವವರೆಗೆ ಒಳಕ್ಕೆ ತಿರುಗಿಸುತ್ತಿದ್ದಳು. ಅರ್ಧ ಸುತ್ತು ಹಿಂದಕ್ಕೆ ಬಿಡುತ್ತಿದ್ದಳು. ಅರಗು ಕಾಯಿಸಿ ಮೇಲೆ ತೊಟ್ಟಿಕ್ಕಿಸಿ ಹೆಬ್ಬೆರಳು ಒತ್ತುತ್ತಿದ್ದಳು. ಆಮೇಲೆ, "ಇಷ್ಟೇ ನಿನ್ನ ಗಾಳಿ" ಎನ್ನಬೇಕು. ಗಾಡಿಯವರು, "ಸಾಕು" ಎನ್ನಬೇಕು. ಆ ಮಾತು ಕೇಳಿದ ಮೇಲೆ ಅಳತೆಗಾರ ಬಗ್ಗಿ, ಅರಗಿನ ಅಂಚಿನಿಂದ ಇಣುಕುವ ತಿರುಪಿನ ಗೀಟು ಎಲ್ಲಿ ನಿಂತಿದೆ ಎಂದು ಹಿತ್ತಾಳೆಯ ಅಳತೆಬಿಲ್ಲೆ ಹಿಡಿದು ನೋಡಿ ತಲೆಯಾಡಿಸುತ್ತಿದ್ದ. ಅಷ್ಟಾದರೆ ಮುಂದಿನ ಗಾಡಿ. ಇಷ್ಟೇ ನಿನ್ನ ಗಾಳಿ, ಸಾಕು. ಇಷ್ಟೇ ನಿನ್ನ ಗಾಳಿ, ಸಾಕು. ಬೆಳಗಿನಿಂದ ಸಂಜೆಯವರೆಗೆ ಆ ಬೀದಿಯಲ್ಲಿ ಬೇರೆ ಮಾತೇ ಇರಲಿಲ್ಲ.

ಮಾರನೇ ದಿನ ಮೇಲ್ಬೀದಿ. ಅಲ್ಲಿ ಅಳತೆಗಾರ ಜೊತೆಗೆ ಬರುತ್ತಿರಲಿಲ್ಲ, ದೊಡ್ಡವರನ್ನು ಅಳೆಯುವುದುಂಟೇ? ಗಾಡಿಯ ಧಣಿಗಳು ಒಳಗೆ ತೂಗುಮಣೆಯ ಮೇಲೆ ಕೂತಿರುತ್ತಿದ್ದರು. ಅವಳು ಹೊರಗಿನಿಂದ, "ಇಷ್ಟು ನಿಮ್ಮ ಗಾಳಿ ಬುದ್ಧೀ" ಎಂದರೆ, ಒಳಗಿನಿಂದ, "ಇರಲಿ" ಎಂದು ಕೇಳಿಸುತ್ತಿತ್ತು.

ಆದರೆ ಮೇಲ್ಬೀದಿಯಲ್ಲಿ ಅವಳು ಪುಸ್ತಕದ ಪ್ರಕಾರ ಮಾಡುತ್ತಿರಲಿಲ್ಲ.

ಅದನ್ನು ಅವಳಿಗೆ ಹೇಳಿಕೊಟ್ಟವಳು ಅವಳ ಅವ್ವ. ಮೂರು ಸುತ್ತು ಬಿಟ್ಟರೆ ಗಾಳಿ ಅತಿಯಾಗುತ್ತದೆ ಮಗಳೇ, ಪೆಟ್ರೋಲ್ ತೆಳ್ಳಗಾಗುತ್ತದೆ, ಎಂಜಿನ್ ಕೆಂಡವಾಗಿ ಸೀನಿ ಸೀನಿ ನಿಲ್ಲುತ್ತದೆ ಎಂದಿದ್ದಳು. ಹಿಂದೆ ಯಾವುದೋ ಕಾಲದಲ್ಲಿ ಮೂರು ಸುತ್ತು ಗೌರವವೆಂದು ಯಾರೋ ಬರೆದರಂತೆ. ಆ ವರ್ಷ ಮೇಲ್ಬೀದಿಯೇ ಏರಿನಲ್ಲಿ ನಿಂತಿತಂತೆ. ಬರೆದವನನ್ನು ಬಿಟ್ಟು ತಿರುಗಿಸಿದವಳನ್ನು ಕಂಬಕ್ಕೆ ಕಟ್ಟಿ ಹೊಡೆದರಂತೆ. ಅಂದಿನಿಂದ ತಿರುಪಿನವಳಾದವಳು ಮೇಲ್ಬೀದಿಯ ಗಾಡಿಗಳನ್ನು ಮಾತ್ರ ಸ್ಟಾರ್ಟ್ ಮಾಡಿ, ಕಾಯಲು ಬಿಟ್ಟು, ಪಕ್ಕದಲ್ಲಿ ಕುಳಿತು ಕಿವಿ ಕೊಡುತ್ತಿದ್ದಳು. ತಿರುಪನ್ನು ಎಳ್ಳೆಳ್ಳಷ್ಟೇ ಹೊರಕ್ಕೆ ಬಿಡುತ್ತಾ ಹೋದರೆ ಎಂಜಿನ್ನಿನ ದನಿ ಏರುತ್ತದೆ. ಒಂದು ಕಡೆ ದನಿ ಪೂರ್ತಿ ತಿಳಿಯಾಗುತ್ತದೆ. ಅದನ್ನು ದಾಟಿದರೆ ಮತ್ತೆ ನಡುಗತೊಡಗುತ್ತದೆ. ಆ ತಿಳಿಯಾದ ಕಡೆಯೇ ಅದರ ಜಾಗ. ಒಂದು ಗಾಡಿಗೆ ಒಂದೂಕಾಲು ಸುತ್ತು, ಇನ್ನೊಂದಕ್ಕೆ ಒಂದೂವರೆ, ಮತ್ತೊಂದಕ್ಕೆ ಎರಡು. ಒಂದರ ಜಾಗ ಇನ್ನೊಂದಕ್ಕಿಲ್ಲ, ಅದನ್ನು ಯಾವ ಪುಸ್ತಕವೂ ಹೇಳಲಾರದು.

ಮೇಲ್ಬೀದಿಗೆ ಇದು ಗೊತ್ತಿತ್ತೇ? ಗೊತ್ತಿಲ್ಲದ ಹಾಗೆ ಗೊತ್ತಿತ್ತು. ತೂಗುಮಣೆಯ ಮೇಲೆ ಕುಳಿತವರಿಗೂ ಎಂಜಿನ್ ಅಷ್ಟು ಹೊತ್ತು ಓಡುವುದು ಕೇಳಿಸುತ್ತಿತ್ತಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಪುಸ್ತಕದಲ್ಲಿ ಮೂರರ ಗೌರವವೂ ಇರಬೇಕು, ಗಾಡಿಯೂ ಏರಬೇಕು.

ಮತ್ತೆ ನಮ್ಮ ಬೀದಿಗೆ ಯಾಕವ್ವ ಕಿವಿ ಕೊಡಲ್ಲ ಎಂದು ತಿರುಪಿನವಳು ತನ್ನ ಹದಿನೆಂಟನೇ ವಯಸ್ಸಿನಲ್ಲಿ ಕೇಳಿದ್ದಳು. ಅಲ್ಲಿ ಅಳತೆಗಾರ ಇರ್ತಾನೆ ಎಂದಿದ್ದಳು ಅವ್ವ. ಅಷ್ಟೇ ಕಾರಣ. ಆ ಕಾರಣವನ್ನು ಸೆರಗಿಗೆ ಕಟ್ಟಿಕೊಂಡು ಅವಳು ಇಪ್ಪತ್ತು ವರ್ಷ ಬದುಕಿದ್ದಳು. ತನ್ನ ಗಂಡನ ಗಾಡಿಗೆ ಅರಗು ಒತ್ತಿದ್ದಳು. ಅವನು ಮೇಲಿನವರು ಹೇಳಿದ ಕೆಲಸ ಮಾಡುತ್ತಾ ಮಾಡುತ್ತಾ ಒಂದು ದಿನ ಸುಣ್ಣದ ಗುಂಡಿಯಲ್ಲೇ ಸತ್ತಿದ್ದ. ಪಕ್ಕದ ಮನೆಯ ಗಂಡಸಿನ ಗಾಡಿಗೆ ಅರಗು ಒತ್ತಿದ್ದಳು. ಅದು ಮೂರನೇ ತಿರುವಿನಲ್ಲಿ ಆರಿ, ಹಿಮ್ಮುಖ ಉರುಳಿ, ಅವನ ಕಾಲಿನ ಮೇಲೆ ಬಿದ್ದಿತ್ತು. ಊರು ಅವನಿಗೆ ಉರುಳಿದವನು ಎಂದೇ ಹೆಸರಿಟ್ಟಿತು. ಈಗ ಅವನು ಮುದುಕ. ಆದರೂ ಪ್ರತಿ ವರ್ಷ ಊರುಗೋಲನ್ನು ಹ್ಯಾಂಡಲಿಗೆ ಕಟ್ಟಿಕೊಂಡು ಬರುತ್ತಿದ್ದ, ಮತ್ತು ಪ್ರತಿ ವರ್ಷ ಅವಳ ಮುಖ ನೋಡದೆ ಸಾಕು ಎನ್ನುತ್ತಿದ್ದ.

ಆ ವರ್ಷ ತಿರುಪಿನವಳ ಮಗಳಿಗೆ ಹದಿನೆಂಟು ತುಂಬಿತು. ಸತ್ತ ಅಪ್ಪನ ಗಾಡಿ ಅವಳಿಗೆ ಬಂತು. ಅವಳು ಮೊದಲ ಸಲ ಏರು ಹತ್ತಬೇಕು.

ಆ ಹುಡುಗಿಗೆ ಒಂದು ಹುಚ್ಚಿತ್ತು. ಪ್ಲಗ್ಗಿನ ಮಸಿ ಕೆರೆದು ತೆಗೆದು ನೀರಲ್ಲಿ ಕಲಸಿ, ಗೋಡೆಯ ಮೇಲೆ ದಾರಿಗಳನ್ನು ಬರೆಯುತ್ತಿದ್ದಳು. ಏರಿನ ಆಚೆ ಹೀಗೊಂದು ದಾರಿ ಇರಬೇಕು, ಅದು ಹೊಳೆ ದಾಟಿ ಹೀಗೆ ಹೋಗಬೇಕು ಎಂದು. ಕಟ್ಟೆ ಮುಟ್ಟಿದರೆ, ನಾನು ನಕ್ಷೆ ಬರೆಯುವವಳು ಎಂದು ಕೂಗುತ್ತೇನೆ ಎನ್ನುತ್ತಿದ್ದಳು. ಮುಟ್ಟದಿದ್ದರೆ ಅವಳಿಗೆ ಯಾವ ಕೆಲಸ ಎಂಬುದು ಆಗಲೇ ನಿಶ್ಚಯವಾಗಿತ್ತು: ಅಪ್ಪನ ಸುಣ್ಣದ ಗುಂಡಿ ಖಾಲಿಯಿತ್ತು.

ಮುದ್ರೆಯ ದಿನ ತಿರುಪಿನವಳು ಮಗಳ ಗಾಡಿಯ ಪಕ್ಕ ಕುಳಿತಳು. ಅಳತೆಗಾರ ಬೆನ್ನ ಹಿಂದೆ ನಿಂತಿದ್ದ. ತಿರುಪು ತಳ ಮುಟ್ಟಿತು. ಅರ್ಧ ಸುತ್ತು ಹಿಂದಕ್ಕೆ ಬಂತು. ಅರಗು ಬಿತ್ತು. ಅವಳು ಹೆಬ್ಬೆರಳು ಒತ್ತಿ, ತಲೆ ಎತ್ತದೆ ಹೇಳಿದಳು:

"ಇಷ್ಟೇ ನಿನ್ನ ಗಾಳಿ."

ಮಗಳು ಸೈಲೆನ್ಸರಿನ ಬಾಯಿಯ ಮಸಿಯನ್ನು ಬೆರಳಿನಿಂದ ಒರೆಸಿ ನೋಡಿದಳು.

"ಇಷ್ಟೇ ನಿನ್ನ ಗಾಳಿ," ಎಂದಳು ಮತ್ತೆ.

"ಸಾಲದು," ಎಂದಳು ಮಗಳು.

ಅಳತೆಗಾರ, "ಏನಂದ್ಲು?" ಎಂದ.

"ಏನಿಲ್ಲ ಬುದ್ಧಿ, ಹೊಸಬಳು, ಮಾತು ತಿಳೀದು," ಎಂದು ತಿರುಪಿನವಳು ಎದ್ದಳು. "ಅನ್ನೇ. ಸಾಕು ಅನ್ನೇ ಮುಂಡೇದೆ."

"ಸಾಲದು ಅಂದ್ರೆ ಸಾಲದು ಅಂತ ಅಲ್ವೇನವ್ವ? ಮಸಿ ನೋಡು. ನಿಂಗೆ ಕಣ್ಣಿಲ್ವಾ?"

ತಿರುಪಿನವಳ ಕೈ ತಾನೇ ಎದ್ದಿತು. ಮಗಳ ಕೆನ್ನೆಯ ಮೇಲೆ ಛಟೀರೆಂದು ಬಿದ್ದಿತು. ಅರಗು ಇನ್ನೂ ಆರಿರಲಿಲ್ಲ. ಹೆಬ್ಬೆರಳಿನದು ಕೆನ್ನೆಗೆ ಅಂಟಿ, ಅಲ್ಲೊಂದು ಕೆಂಪು ಬೊಟ್ಟು ಉಳಿಯಿತು.

"ಸಾಕು," ಎಂದಳು ಮಗಳು.

ಅಳತೆಗಾರ ಬಗ್ಗಿ ಬಿಲ್ಲೆ ಹಿಡಿದು ನೋಡಿದ. "ಸರಿಯಾಗಿ ಅದೆ," ಎಂದ. ಆಮೇಲೆ ಹುಡುಗಿಯ ಕೆನ್ನೆ ನೋಡಿ, "ಅದೂ ಸರಿಯಾಗಿ ಅದೆ," ಎಂದು ಹಲ್ಲು ಬಿಟ್ಟ. ತಿರುಪಿನವಳು ಮುಂದಿನ ಗಾಡಿಯ ಪಕ್ಕ ಕುಳಿತಳು, ಅದರ ಮುಂದಿನದರ ಪಕ್ಕ ಕುಳಿತಳು. ಕೈ ಕೆಲಸ ಮಾಡುತ್ತಿತ್ತು. ಒಳಗೆ ಮಾತ್ರ ಏನೋ ಹತ್ತಿಕೊಂಡಿತ್ತು. ಅಳತೆಗಾರನ ಮೇಲೆ ಸಿಟ್ಟು, ಯಜಮಾನನ ಮೇಲೆ ಸಿಟ್ಟು, ಸತ್ತ ಅವ್ವನ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಆ ಎದ್ದ ಕೈಯ ಮೇಲೆ ಸಿಟ್ಟು. ಕತ್ತರಿಸಿ ಎಸೆಯಬಹುದಾಗಿದ್ದರೆ ಅವಳು ಅದನ್ನು ಅಲ್ಲೇ ಕತ್ತರಿಸಿ ಎಸೆಯುತ್ತಿದ್ದಳು.

ಮಾರನೇ ದಿನ ಬೆಳಗ್ಗೆ ಮೇಲ್ಬೀದಿಗೆ ಹೋದಳು. ಮೊದಲ ಮನೆ ಯಜಮಾನನದು. ಗಾಡಿ ತೊಳೆದು ಒರೆಸಿ ಅರಿಶಿನ ಕುಂಕುಮ ಹಚ್ಚಿ ನಿಲ್ಲಿಸಿದ್ದರು. ವಾಡಿಕೆಯಂತೆ ಕಿಕ್ ಹೊಡೆದಳು, ಕಾಯಲು ಬಿಟ್ಟಳು, ಪಕ್ಕದಲ್ಲಿ ಕೂತು ಕಿವಿ ಕೊಟ್ಟಳು. ತಿರುಪು ಎಳ್ಳೆಳ್ಳಷ್ಟೇ ಹೊರಕ್ಕೆ ಬಂತು. ದನಿ ಏರಿತು. ಒಂದೂಮುಕ್ಕಾಲಿನ ಹತ್ತಿರ ತಿಳಿಯಾಯಿತು, ನೀರು ಕುಡಿದ ಗಂಟಲಿನ ಹಾಗೆ.

ಆ ತಿಳಿದನಿ ಕೇಳುತ್ತಾ ಕೂತವಳ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತು ವರ್ಷ. ಇಪ್ಪತ್ತು ವರ್ಷ ನಾನು ಈ ಗಾಡಿಯ ಪಕ್ಕ ಕೂತು, ಇದಕ್ಕೆ ಎಲ್ಲಿ ಸುಖ, ಎಲ್ಲಿ ನೋವು ಎಂದು ಮಗುವಿನ ಎದೆಗೆ ಕಿವಿಯಿಟ್ಟಂತೆ ಕೇಳಿದ್ದೇನೆ. ನನ್ನ ಗಂಡನ ಗಾಡಿಗೆ ಒಂದೇ ಒಂದು ಸಲ ಕೇಳಲಿಲ್ಲ. ನನ್ನ ಮಗಳ ಗಾಡಿಗೆ ಕೇಳಲಿಲ್ಲ. ಇವರಿಗೆ ಕಿವಿ, ನನ್ನವರಿಗೆ ಪುಸ್ತಕ. ಪುಸ್ತಕ ಅಷ್ಟು ದೊಡ್ಡದಾದರೆ ಇವರಿಗೂ ಆಗಲಿ.

ಅವಳು ಎಂಜಿನ್ ಆರಿಸಿದಳು. ತಿರುಪನ್ನು ತಳ ಮುಟ್ಟಿಸಿದಳು. ಎಣಿಸಿ ಹಿಂದಕ್ಕೆ ಬಿಟ್ಟಳು: ಒಂದು. ಎರಡು. ಮೂರು. ಅರಗು ಹಾಕಿ ಹೆಬ್ಬೆರಳು ಒತ್ತಿದಳು.

"ಇಷ್ಟು ನಿಮ್ಮ ಗಾಳಿ ಬುದ್ಧೀ," ಎಂದು ಕೂಗಿದಳು.

"ಇರಲಿ," ಎಂದಿತು ತೂಗುಮಣೆ.

ಮುಂದಿನ ಮನೆಯಲ್ಲೂ ಮೂರು. ಅದರ ಮುಂದಿನದರಲ್ಲೂ ಮೂರು. ಮೇಲ್ಬೀದಿಯಲ್ಲಿ ಮೊದಲ ಸಲ ಅವಳು ನಿಯಮಕ್ಕೆ ಅಕ್ಷರಶಃ ತಲೆಬಾಗಿದ್ದಳು. ಒಂದು ಸುತ್ತು ಹೆಚ್ಚಿಲ್ಲ, ಒಂದು ಸುತ್ತು ಕಡಿಮೆಯಿಲ್ಲ. ಮುದ್ರೆ ಬಿದ್ದ ಗಾಡಿಯನ್ನು ಏರಿನ ದಿನದವರೆಗೆ ಸ್ಟಾರ್ಟ್ ಮಾಡಬಾರದು ಎಂಬುದೂ ನಿಯಮವೇ ಆಗಿತ್ತು. ಹಾಗಾಗಿ ಯಾರಿಗೂ ಏನೂ ತಿಳಿಯಲಿಲ್ಲ.

ಏರಿನ ದಿನ ಬಿಸಿಲು ಚುರುಕಾಗಿತ್ತು. ಮುಂದೆ ಬಾವುಟ ಹಿಡಿದ ಅಳತೆಗಾರ, ಅವನ ಹಿಂದೆ ಯಜಮಾನ, ಯಜಮಾನನ ಹಿಂದೆ ಮೇಲ್ಬೀದಿ, ಕೊನೆಗೆ ಹೊಗೆಯೊಳಗೆ ಕೆಳಬೀದಿ. ತಿರುಪಿನವಳು ಕಾಲ್ನಡಿಗೆಯಲ್ಲಿ ಮಗಳ ಗಾಡಿಯ ಪಕ್ಕ ನಡೆಯುತ್ತಿದ್ದಳು. ಯಾವ ಮುದ್ರೆಯೂ ಒಡೆಯದಂತೆ ನೋಡಿಕೊಳ್ಳುವುದೂ ಅವಳ ಕೆಲಸವೇ. ಮಗಳು ಮಾತಾಡಿ ಎರಡು ದಿನವಾಗಿತ್ತು. ಇನ್ನೊಂದು ಪಕ್ಕದಲ್ಲಿ ಉರುಳಿದವನ ಗಾಡಿ ಕೆಮ್ಮುತ್ತಿತ್ತು.

ಏರಿನ ಬುಡದಲ್ಲಿ ಎಲ್ಲರೂ, ತಣ್ಣನೆಯ ಎಂಜಿನ್ ಹತ್ತಿಸಲು ಗಾಳಿ ತಡೆಯುವ ಚೋಕನ್ನು ಒಳಗೆ ತಳ್ಳಬೇಕು. ಮತ್ತೆ ಎಳೆದರೆ ಏರಿದ ಲೆಕ್ಕವಿಲ್ಲ. ತಳ್ಳಿದರು. ನೂರು ಮಾರು ಹೋಗುವಷ್ಟರಲ್ಲಿ ಯಜಮಾನನ ಗಾಡಿ ಒಮ್ಮೆ ಸೀನಿತು.

ಕಾರ್ಬೊರೇಟರ್ ಸೀನುವುದನ್ನು ನೀವು ಕೇಳಿರಬಹುದು, ಫಟ್ ಎಂದು, ಒಣಗಿದ ತೊಗಟೆ ಮುರಿದಂತೆ. ಯಜಮಾನ ಎಕ್ಸಲೇಟರ್ ಸ್ವಲ್ಪ ತಿರುವಿದ. ಎಂಜಿನ್ ಮೇಲಕ್ಕೆ ಹಾರಿತು, ಕೆಳಕ್ಕೆ ಬಿತ್ತು, ಮತ್ತೆ ಸೀನಿತು. ಹಿಂದಿನವನದೂ ಸೀನಿತು. ಅವನ ಹಿಂದಿನವನದೂ. ಮೇಲ್ಬೀದಿಗೆ ಮೇಲ್ಬೀದಿಯೇ ನೆಗಡಿ ಹಿಡಿದಂತೆ ಸೀನತೊಡಗಿತು. ಎಂಜಿನ್ನುಗಳು ಕಾದು ಟಿಣ್ ಟಿಣ್ ಎಂದವು, ಹ್ಯಾಂಡಲುಗಳು ನಡುಗಿದವು. ಮೊದಲನೇ ತಿರುವಿನಲ್ಲಿ ಯಜಮಾನನ ಗಾಡಿ ಫಟ್ ಎಂದು ನಿಂತಿತು. ಅವನ ಕಾಲು ನೆಲಕ್ಕೆ ತಾಗಿತು.

ಆಮೇಲೆ ಒಂದೊಂದಾಗಿ ಎಲ್ಲವೂ ನಿಂತವು. ದಾರಿ ಕಟ್ಟಿತು. ಹಿಂದೆ ಕೆಳಬೀದಿಯ ಗಾಡಿಗಳೂ ಗಂಟಲು ಕಟ್ಟಿ ನಿಂತವು. ಊರಿಗೆ ಊರೇ ಏರಿನ ನಡುವೆ ಕಾಲು ಊರಿ ನಿಂತಿತ್ತು. ಎಷ್ಟೋ ಕಾಲದ ಮೇಲೆ ಅಲ್ಲಿ ಹಕ್ಕಿಯ ದನಿ ಕೇಳಿಸಿತು.

"ಅವಳನ್ನ ಕರೀರಿ," ಎಂದ ಯಜಮಾನ.

ತಿರುಪಿನವಳು ಮುಂದಕ್ಕೆ ಹೋಗಿ ಕೈಕಟ್ಟಿ ನಿಂತಳು.

"ಏನೇ ಮಾಡಿದ್ದೀಯ?"

"ಪುಸ್ತಕದಾಗೆ ಇದ್ದದ್ದು ಮಾಡಿವ್ನಿ ಬುದ್ಧಿ. ಮೂರು ಸುತ್ತು."

"ಸುಳ್ಳು ಬೊಗಳಬೇಡ. ನೋಡೋ ಅದನ್ನ."

ಅಳತೆಗಾರ ಬಾವುಟ ನೆಲಕ್ಕಿಟ್ಟು ಬಗ್ಗಿದ. ದೊಡ್ಡವರ ಗಾಡಿಯ ಅಳತೆ ಅವನು ಹುಟ್ಟಿದ ಮೇಲೆ ನೋಡಿರಲಿಲ್ಲ. ಅರಗು ಒಡೆದು, ತಿರುಪನ್ನು ಒಳಕ್ಕೆ ಎಣಿಸಿ ತಿರುಗಿಸಿ, ಎಣಿಸಿ ಹೊರಕ್ಕೆ ಬಿಟ್ಟ.

"ಮೂರೇ ಅದೆ ಬುದ್ಧಿ. ಸರಿಯಾಗಿ ಅದೆ."

"ಸರಿಯಾಗಿದ್ರೆ ಯಾಕೋ ನಿಂತ್ಕೊಳ್ತು?"

ಅಳತೆಗಾರ ಬಿಲ್ಲೆ ಹಿಡಿದು ಮತ್ತೊಮ್ಮೆ ಬಗ್ಗಿದ. ಯಜಮಾನ ತಿರುಪಿನವಳ ಕಡೆ ತಿರುಗಿದ. ದನಿ ತಗ್ಗಿಸಿದ. "ನೋಡು, ಆಟ ಆಡಬೇಡ. ಪ್ರತಿ ವರ್ಷ ಏನು ಮಾಡ್ತಿದ್ದೆಯೋ ಅದನ್ನ ಮಾಡು."

"ಪ್ರತಿ ವರ್ಷ ಏನು ಮಾಡ್ತಿದ್ದೆ ಬುದ್ಧಿ?"

"ನಿಂಗೇ ಗೊತ್ತು."

"ನಂಗೆ ಗೊತ್ತು. ನೀವು ಹೇಳಿ. ಎಲ್ಲಾರೂ ನಿಂತವ್ರೆ, ಎಲ್ಲಾರ್ಗೂ ಕೇಳೋ ಹಂಗೆ ಹೇಳಿ. ಪುಸ್ತಕ ಸುಳ್ಳು, ಮೂರು ಸುತ್ತು ಸುಳ್ಳು, ನಾವು ಯಾವತ್ತೂ ಮೂರರಲ್ಲಿ ಏರಿಲ್ಲ, ಈ ಹೆಂಗಸು ಕಿವಿ ಕೊಟ್ಟು ಕೇಳಿ ಏರಿಸ್ತಿದ್ಲು ಅಂತ ಹೇಳಿ. ಹೇಳಿದ್ರೆ ಮಾಡ್ತೀನಿ. ಆದರೆ ಎಲ್ಲಾರ್ಗೂ ಮಾಡ್ತೀನಿ. ಕೆಳಗಿನಿಂದ ಶುರು."

ಬಿಸಿಲು ನೆತ್ತಿಗೆ ಬರುತ್ತಿತ್ತು. ಯಜಮಾನ ಹಿಂದಿರುಗಿ ತನ್ನ ಬೀದಿಯವರ ಮುಖ ನೋಡಿದ. ಅವರು ನೆಲ ನೋಡುತ್ತಿದ್ದರು. ಒಂದು ತಿರುಪುಳಿ, ಎರಡು ಹೊತ್ತಿನ ತಾಳ್ಮೆ, ಇಡೀ ಊರು ಕಟ್ಟೆಯ ಮೇಲಿರುತ್ತಿತ್ತು. ಅದು ಅವನಿಗೆ ಅರ್ಥವಾಗಲಿಲ್ಲ ಅಂದುಕೊಳ್ಳಬೇಡಿ. ಚೆನ್ನಾಗಿ ಅರ್ಥವಾಯಿತು. ಅರ್ಥವಾದ್ದರಿಂದಲೇ ಅವನು ಗಾಡಿಯಿಂದ ಇಳಿದ.

"ಈ ವರ್ಷ ತಳ್ಳಿಕೊಂಡು ಹೋಗೋದು," ಎಂದ ಗಟ್ಟಿಯಾಗಿ. "ತಳ್ಳಿಕೊಂಡು ಕಟ್ಟೆ ಮುಟ್ಟಿದ್ರೂ ಏರಿದಂಗೇ ಲೆಕ್ಕ."

"ಹಂಗಾದ್ರೆ ನಾವೂ ತಳ್ತೀವಿ ಬುದ್ಧಿ," ಎಂದು ಹಿಂದಿನಿಂದ ಉರುಳಿದವನು ಕೂಗಿದ.

"ಮೂರು ಸುತ್ತಿನವರು ತಳ್ಳಿದ್ರೆ ಅದು ಏರಿದ್ದು. ಅರ್ಧ ಸುತ್ತಿನವರು ತಳ್ಳಿದ್ರೆ ಅದು ಬರೀ ತಳ್ಳಿದ್ದು," ಎಂದ ಯಜಮಾನ. ಅಳತೆಗಾರ ಗಡಿಬಿಡಿಯಲ್ಲಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡ.

ಮತ್ತೆ, ದೇವರಾಣೆಗೂ, ಅವರು ತಳ್ಳಿದರು! ರೇಷ್ಮೆ ಶಲ್ಯ ಸೊಂಟಕ್ಕೆ ಸುತ್ತಿಕೊಂಡು, ಕೆಂಡದಂಥ ಎಂಜಿನ್ನಿಗೆ ಮೊಣಕಾಲು ಸುಟ್ಟುಕೊಂಡು, ಬೆವರು ಸುರಿಸುತ್ತಾ, ಏದುಸಿರು ಬಿಡುತ್ತಾ, ಸತ್ತ ಗಾಡಿಗಳನ್ನು ತಳ್ಳಿಕೊಂಡು ಹೊರಟರು. ಕೆಳಗಿನವರ ಎಂಜಿನ್ ಓಡುವುದಕ್ಕಿಂತ ತಮ್ಮ ಬೆನ್ನು ಮುರಿಯುವುದೇ ಮೇಲೆಂದು ತೋರಿತು ಅವರಿಗೆ. ಇದನ್ನು ನೀವು ನಂಬುವುದಿಲ್ಲವೆಂದರೆ ಮನುಷ್ಯರನ್ನು ನೀವು ಸರಿಯಾಗಿ ನೋಡಿಲ್ಲ.

ತಿರುಪಿನವಳು ಅದನ್ನು ನೋಡುತ್ತಾ ನಿಂತಿದ್ದಳು. ನಗು ಬರಬೇಕಿತ್ತು, ಬರಲಿಲ್ಲ. ಅವಳು ಇಳಿದು ಮಗಳ ಗಾಡಿಯ ಪಕ್ಕಕ್ಕೆ ಬಂದು ಕುಳಿತಳು. ಉಗುರಿನಿಂದ ಅರಗು ಕಿತ್ತು ಎಸೆದಳು. ಮಸಿ ತುಂಬಿದ ಪ್ಲಗ್ಗನ್ನು ಬಿಚ್ಚಿ, ಕಲ್ಲಿನ ಮೇಲೆ ಉಜ್ಜಿ, ಮತ್ತೆ ಹಾಕಿದಳು.

"ಒದಿ," ಎಂದಳು.

ಮಗಳು ಕಿಕ್ ಒದ್ದಳು. ಮೂರನೇ ಒದೆತಕ್ಕೆ ಎಂಜಿನ್ ಹತ್ತಿಕೊಂಡು ಕರಿ ಹೊಗೆ ಕಕ್ಕಿತು. ತಿರುಪಿನವಳು ಕಿವಿ ಕೊಟ್ಟಳು. ಮುಕ್ಕಾಲು. ಒಂದು. ಕೆಮ್ಮು ಕಡಿಮೆಯಾಯಿತು. ಒಂದೂಕಾಲು. ಹೊಗೆ ಬೂದಿಬಣ್ಣಕ್ಕೆ ಬಂತು. ಒಂದೂವರೆ ದಾಟಿತು. ಹೊಗೆ ನಿಂತುಹೋಯಿತು. ದನಿ ಏರಿ ಏರಿ, ಒಂದು ಕಡೆ ತಿಳಿಯಾಗಿ ನಿಂತಿತು. ಹದಿನೆಂಟು ವರ್ಷ ಆ ಗಾಡಿಯ ಪಕ್ಕದಲ್ಲೇ ಬೆಳೆದ ಹುಡುಗಿ ಅದರ ನಿಜವಾದ ದನಿಯನ್ನು ಅಂದು ಮೊದಲು ಕೇಳಿದಳು. ಅವಳ ಬಾಯಿ ತೆರೆದೇ ಇತ್ತು.

ಸುತ್ತಲಿನ ಜನರೂ ಹತ್ತಿರ ಬಂದು ಕೇಳುತ್ತಾ ನಿಂತರು.

"ಇಷ್ಟೇನಾ?" ಎಂದಳು ಮಗಳು.

"ಇಷ್ಟೇ."

"ಇದು ನಿಂಗೆ ಮೊದಲೇ ಗೊತ್ತಿತ್ತಾ ಅವ್ವ?"

ಸುಳ್ಳು ಹೇಳಬಹುದಿತ್ತು. ಈಗ ತಾನೇ ಹೊಳೆಯಿತು ಎನ್ನಬಹುದಿತ್ತು. "ಗೊತ್ತಿತ್ತು," ಎಂದಳು ತಿರುಪಿನವಳು.

"ಯಾವಾಗಿಂದ?"

"ನಿನ್ನ ವಯಸ್ಸಿಂದ."

"ಅಪ್ಪ ಗುಂಡಿಗೆ ಇಳಿಯೋವಾಗ್ಲೂ ಗೊತ್ತಿತ್ತಾ?"

ತಿರುಪಿನವಳು ತಲೆಯಾಡಿಸಿದಳು. ಮಗಳು ಅವಳನ್ನೇ ನೋಡಿದಳು. ಹೊಡೆದಿದ್ದರೆ ಚೆನ್ನಾಗಿತ್ತು, ಉಗಿದಿದ್ದರೆ ಇನ್ನೂ ಚೆನ್ನಾಗಿತ್ತು. ಅವಳು ಗೇರ್ ಹಾಕಿದಳು. ನಡಿಗೆಯ ವೇಗದಲ್ಲಿ, ಒಂದೇ ಒಂದು ಸಲವೂ ಕೆಮ್ಮದೆ, ಕಾಲು ನೆಲಕ್ಕೆ ತಾಗಿಸದೆ, ತಳ್ಳುವವರ ಪಕ್ಕದಿಂದ ಹಾದು ಏರು ಹತ್ತಿದಳು. ಮೂರನೇ ತಿರುವು ದಾಟಿದಳು. ಕಟ್ಟೆ ಮುಟ್ಟಿದಳು. ಅವಳು ಕೂಗಿದ್ದು ಕೆಳಗಿನವರೆಗೂ ಕೇಳಿಸಿತು. ಕೇಳಿಸಿಕೊಂಡು ಒಪ್ಪಬೇಕಾದವರು ಮಾತ್ರ ಇನ್ನೂ ಎರಡನೇ ತಿರುವಿನಲ್ಲಿ ಗಾಡಿ ತಳ್ಳುತ್ತಿದ್ದರು. ಅವಳು ಅವರಿಗಾಗಿ ಕಾಯಲಿಲ್ಲ. ಕಟ್ಟೆಯ ಆಚೆ ಅವಳ ಎಂಜಿನ್ನಿನ ದನಿ ಸಣ್ಣದಾಗುತ್ತಾ ಹೋಯಿತು.

ತಿರುಪಿನವಳು ಕಣ್ಣೊರೆಸಿಕೊಂಡಳು. ಮುಂದೆ ಕೆಳಬೀದಿಯ ಗಾಡಿಗಳೆಲ್ಲ ಸಾಲಾಗಿ ನಿಂತಿದ್ದವು, ಪ್ರತಿಯೊಂದರಲ್ಲೂ ಅವಳ ಹೆಬ್ಬೆರಳಿನ ಗುರುತು. ಹತ್ತಿರದ್ದು ಉರುಳಿದವನದು. ಅವಳು ಅದರ ಪಕ್ಕ ಕುಳಿತು ಅರಗಿಗೆ ಕೈ ಹಾಕಿದಳು.

ಮುದುಕ ಅವಳ ಮಣಿಕಟ್ಟು ಹಿಡಿದುಕೊಂಡ.

"ಕೊಡು ಅದನ್ನ ಇತ್ತಾಗೆ."

"ನಾನೇ ಮಾಡಿಕೊಡ್ತೀನಿ ಕಣಣ್ಣ. ನಿಂಗೆ ಬರಾಕಿಲ್ಲ."

"ಬರದಿದ್ರೆ ಕಲ್ತ್ಕೋತೀನಿ. ನೀನು ಇನ್ನು ಮುಟ್ಟಬೇಡ."

ಅವಳು ತಿರುಪುಳಿ ಕೊಟ್ಟಳು. ಅವನು ಗಾಡಿಯನ್ನು ಬಂಡೆಗೆ ಒರಗಿಸಿ, ಮುರಿದ ಕಾಲನ್ನು ಪಕ್ಕಕ್ಕೆ ಚಾಚಿ, ನೆಲದ ಮೇಲೆ ಕೂತ. ಅರಗನ್ನು ಹಲ್ಲಿನಿಂದ ಕಚ್ಚಿದಂತೆ ಉಗುರಿನಿಂದ ಕಿತ್ತು ತೆಗೆದ. ಪಕ್ಕದವನೊಬ್ಬ ಪ್ಲಗ್ ಒರೆಸಿ ಹಾಕಿ ಕಿಕ್ ಒದ್ದ. ಮುದುಕ ತಿರುಪುಳಿ ಇಟ್ಟು ತಿರುವಿದ. ತಿರುಪು ಒಮ್ಮೆಗೇ ಎರಡೂವರೆ ಸುತ್ತು ಹೊರಕ್ಕೆ ಬಂತು. ಎಂಜಿನ್ ಸೀನಿತು.

"ಸ್ವಲ್ಪ ಒಳಕ್ಕೆ..." ಎಂದಳು ತಿರುಪಿನವಳು.

"ಸುಮ್ನಿರು," ಎಂದ ಅವನು. ಕಣ್ಣು ಮುಚ್ಚಿ ತಲೆಯನ್ನು ಕಾರ್ಬೊರೇಟರಿನ ಹತ್ತಿರಕ್ಕೆ ತಂದ. ತಿರುಪು ಒಳಕ್ಕೆ ಹೋಯಿತು, ಹೊರಕ್ಕೆ ಬಂತು, ಮತ್ತೆ ಒಳಕ್ಕೆ ಹೋಯಿತು. ಹಿಂದಿದ್ದವರು ತಮ್ಮ ತಮ್ಮ ಗಾಡಿಗಳ ಅರಗು ಕೀಳತೊಡಗಿದ್ದರು. ತಿರುಪಿನವಳು ಎದ್ದು, ದಾರಿ ಬಿಟ್ಟು, ಅಂಚಿನಲ್ಲಿ ನಿಂತಳು. ಯಾರೂ ಅವಳನ್ನು ಕರೆಯಲಿಲ್ಲ, ಯಾರೂ ಅವಳನ್ನು ಕೇಳಲಿಲ್ಲ. ಮುದುಕನ ಎಂಜಿನ್ ಇನ್ನೂ ಒಂದು ಸಲ ಸೀನಿ, ಆಮೇಲೆ ಸರಿಹೋಯಿತು.